ಐದನೆಯ ಎಡೆ

ಮಾರ್ನವಮಿ ಅಮಾವಾಸ್ಯೆಯ ದಿನ ಐಗಳಿಯಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರಿಗೆ ಎಡೆ ಹಾಕುತ್ತಾರೆ. ಮನೆಯಿಂದ ಹೋದವರು ಎಷ್ಟು ಮಂದಿಯೋ ಅಷ್ಟು ಪತ್ರಾವಳಿ. ಕೆಂಚವ್ವನ ಮನೆಯಲ್ಲಿ ಐದು ಪತ್ರಾವಳಿ ಬೀಳಬೇಕಿತ್ತು. ಮಾವ, ಅತ್ತೆ, ಗಂಡ, ಹುಟ್ಟಿ ಮೂರು ತಿಂಗಳಿಗೆ ಕಣ್ಣುಮುಚ್ಚಿದ ಮಗಳೊಬ್ಬಳು, ಆಮೇಲೆ ಹಿರಿಮಗ ಬಾಬಾಸಾಹೇಬ. ಆದರೆ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬೀಳುತ್ತಿದ್ದದ್ದು ನಾಲ್ಕೇ. ಹೆಸರೇ ಇಡದ ಕೂಸಿಗೂ ಒಂದು ಎಲೆ ಇತ್ತು, ಲಡಾಯಿಯಲ್ಲಿ ಸತ್ತ ಮಗನಿಗೆ ಇರಲಿಲ್ಲ.

ಬಾಬಾಸಾಹೇಬ ಮರಾಠಾ ಪಲ್ಟನ್ನಿನ ಸಿಪಾಯಿ. ಎಪ್ಪತ್ತೊಂದರ ಲಡಾಯಿಯಲ್ಲಿ ಬಂಗಾಲದ ಕಡೆ ಹೋದವನು ಅಲ್ಲಿಯೇ ಮಣ್ಣಾದ. ಹೆಣ ಬರಲಿಲ್ಲ. ಮೊದಲು ತಾರು ಬಂತು, ಎರಡು ತಿಂಗಳು ಬಿಟ್ಟು ಅವನ ಟ್ರಂಕು ಬಂತು. ಹೆಂಡತಿ ರುಕ್ಮವ್ವನಿಗೆ ಆಗ ಹದಿನೆಂಟು ವರ್ಷ. ಮದುವೆಗೆಂದು ರಜೆ ಹಾಕಿ ಬಂದ ಗಂಡನ ಜೊತೆ ಅವಳು ಸಂಸಾರ ಮಾಡಿದ್ದು ಬರೀ ನಲವತ್ತು ದಿನ.

ವರ್ಷ ಕಳೆದ ಮೇಲೆ ಹಿರಿಯರು ಕೂತು ಮಾತಾಡಿ ಅವಳನ್ನು ಮೈದುನ ಲಗಮಣ್ಣನಿಗೇ ಉಡಕಿ ಮಾಡಿಕೊಟ್ಟರು. ಗಂಡ ಸತ್ತವಳಿಗೆ ಮಾಡುವ ಈ ಮದುವೆಗೆ ಹಂದರವಿಲ್ಲ, ಬಾಜಾಬಜಂತ್ರಿ ಇಲ್ಲ, ಮುತ್ತೈದೆಯರು ಹತ್ತಿರ ಸುಳಿಯುವುದಿಲ್ಲ. ಇದ್ದ ಮನೆಯಲ್ಲೇ ಒಂದು ಖೋಲಿಯಿಂದ ಇನ್ನೊಂದು ಖೋಲಿಗೆ ಹೋದಳು, ಮದುವೆ ಮುಗಿಯಿತು. ಹೋಗುವ ಮೊದಲು ಓಣಿಯ ಮುದುಕಿಯರು ಅವಳನ್ನು ಕೂರಿಸಿಕೊಂಡು ಮೂರು ಮಾತು ಹೇಳಿದರು. ಮೊದಲಿನವನ ಫೋಟೋ ಈ ಮನೆಯಲ್ಲಿ ಇರಬಾರದು. ಅವನಿಗೆ ಎಡೆ ಹಾಕಬಾರದು. ಅವನ ಸಲುವಾಗಿ ನೀನು ಕಣ್ಣೀರು ತೆಗೆಯಬಾರದು. ತೆಗೆದರೆ ಅವನ ಕಣ್ಣು ಈಗಿನವನ ಮೇಲೆ ಬೀಳುತ್ತದೆ. ಈ ಕಾಯ್ದೆಯನ್ನು ಆ ಮುದುಕಿಯರಿಗೆ ಯಾರು ಬರೆದುಕೊಟ್ಟಿದ್ದರೋ ಶಿವನೇ ಬಲ್ಲ. ಸತ್ತವನು ಬಂದು ಸಹಿ ಮಾಡಿದ್ದನ್ನಂತೂ ಯಾರೂ ಕಂಡಿರಲಿಲ್ಲ.

ಫೋಟೋ ಮಂಗಸೂಳಿಗೆ, ಕೆಂಚವ್ವನ ತಮ್ಮ ವಿರುಪಾಕ್ಷಪ್ಪನ ಮನೆಗೆ ಹೋಯಿತು. ಎಡೆಯ ಮಾತನ್ನು ಮಾತ್ರ ಕೆಂಚವ್ವ ಕೇಳಲಿಲ್ಲ. ನನ್ನ ಮಗನಿಗೆ ನಾನು ಹಾಕುವವಳು, ಕೇಳುವವರು ನೀವು ಯಾರು ಎಂದು ಆ ವರ್ಷ ಐದನೆಯ ಎಲೆ ಹಾಕಿಯೇ ಬಿಟ್ಟಳು. ಹದಿನೈದು ದಿನ ಆಗುವುದರೊಳಗೆ ಲಗಮಣ್ಣನಿಗೆ ವಿಷಮಜ್ವರ ಬಂತು, ಮಿರಜದ ದವಾಖಾನೆಯಲ್ಲಿ ಇಪ್ಪತ್ತು ದಿನ ಮಲಗಿದ. ಆ ವರ್ಷ ಊರ ಬಾವಿಯ ನೀರು ಕುಡಿದು ಇನ್ನೂ ಹನ್ನೊಂದು ಮಂದಿಗೆ ಅದೇ ಜ್ವರ ಬಂದಿತ್ತು. ಅವರಾರ ಮನೆಯಲ್ಲೂ ಸಿಪಾಯಿಗೆ ಎಡೆ ಹಾಕಿರಲಿಲ್ಲ. ಆದರೂ ಊರು ಬೆರಳು ಮಾಡಿದ್ದು ಐದನೆಯ ಎಲೆಯ ಕಡೆಗೆ. ಕೆಂಚವ್ವ ಬಾಯಿ ಮುಚ್ಚಿಕೊಂಡಳು. ಒಬ್ಬ ಮಗನನ್ನು ಕಳೆದುಕೊಂಡ ತಾಯಿ ಇನ್ನೊಬ್ಬನ ಜೀವದ ಜೊತೆ ಹಟ ಮಾಡುವುದು ಹೇಗೆ?

ಹೀಗೆ ದಿನಗಳು ಹೋದವು. ಲಗಮಣ್ಣ ನಾಲ್ಕು ಎಕರೆ ದ್ರಾಕ್ಷಿ ಮಾಡಿದ, ಮಗ ಭೀಮಸಿ ಹುಟ್ಟಿ ಇಪ್ಪತ್ತೆರಡರ ಗಂಡಾಳಾದ, ಕೆಂಚವ್ವನ ಎರಡೂ ಕಣ್ಣಿಗೆ ಪೊರೆ ಬಂತು. ಬಾಬಾಸಾಹೇಬನ ಮಾತು ಯಾರಾದರೂ ತೆಗೆದರೆ ರುಕ್ಮವ್ವನಿಗೆ ತಟ್ಟನೆ ಒಂದು ಕೆಲಸ ನೆನಪಾಗುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ತೊಂಬತ್ತಾರನೆಯ ಇಸವಿ, ಗಣಪತಿ ಕಳಿಸಿ ನಾಲ್ಕು ದಿನ ಆಗಿತ್ತು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಭೀಮಸಿ ರೊಟ್ಟಿ ಮುರಿಯುತ್ತ ಹೇಳಿದ:

"ಅಪ್ಪಾ, ಹೈಸ್ಕೂಲ ಹೆಡ್‌ಮಾಸ್ತರ ಸಿಕ್ಕಿದ್ರು. ಬರೂ ಡಿಸೆಂಬರಕ್ಕ ಲಡಾಯಿ ಆಗಿ ಇಪ್ಪತ್ತೈದ ವರ್ಷ ಆಕ್ಕಾವಂತ. ಸಾಲಿ ಮುಂದ ಒಂದ ಕಲ್ಲ ನಿಲ್ಲಸಿ ದೊಡ್ಡಪ್ಪನ ಹೆಸರ ಕೆತ್ತಸ್ತಾರಂತ. ಒಂದ ಫೋಟೋ ಕೊಡ್ರಿ ಅಂದಾರ."

ಲಗಮಣ್ಣನ ಕೈ ತಾಟಿನಲ್ಲೇ ನಿಂತಿತು.

"ಫೋಟೋ ಇಲ್ಲಂತ ಹೇಳ."

"ಮಂಗಸೂಳಿ ಮುತ್ಯಾನ ಮನ್ಯಾಗ ಐತೆಲ್ಲಪಾ."

"ಇದ್ರ ಅಲ್ಲಿಂದs ಒಯ್ಲಿ. ಇಲ್ಲಿ ತರೂದ ಬ್ಯಾಡ."

ಕೆಂಚವ್ವ ತಾಟಿನಲ್ಲಿ ಪಲ್ಯ ಎಲ್ಲಿದೆ ಎಂದು ಬೆರಳಿನಿಂದ ತಡವುತ್ತಿದ್ದವಳು ತಲೆ ಎತ್ತಿದಳು.

"ಫೋಟೋ ಮೊದಲ ಇಲ್ಲಿಗೇ ಬರತೈತಿ," ಎಂದಳು. "ಬಂದು ಈ ಅಮಾಸಿಗೆ ಎಡಿ ಹಾಕಿಸ್ಕೊಂಡು ಆಮ್ಯಾಲ ಸಾಲಿಗೆ ಹೋಗತೈತಿ. ಊರಾಗಿನ ಹುಡುಗೂರೆಲ್ಲಾ ನನ್ನ ಮಗಗ ಕೈ ಮುಗೀತಾರ, ಮನಿಯವ್ರು ಮುಗಿಯೂದಿಲ್ಲಂದ್ರ ನಾಚಿಗಿ ಬ್ಯಾಡೇನು?"

"ಮತ್ತ ನಾ ಮಿರಜಿಗೆ ಹೋಗಿ ಮಲಕೋಬೇಕೇನ ಹಂಗಾದ್ರ?"

"ಅದು ಬಾವಿ ನೀರಿನ ಜ್ವರಾ ಅಂತ ಡಾಕ್ಟರ ಹೇಳಿದ್ದ. ಆಗ ನನಗ ಅಂಜಿಕಿ ಇತ್ತು, ಕೇಳಲಿಲ್ಲ. ಈಗ ನನಗ ಎಪ್ಪತ್ತೆರಡ. ಇನ್ನ ಎಷ್ಟ ಅಮಾಸಿ ನೋಡ್ತೀನೋ? ನಾ ಸತ್ತ ಮ್ಯಾಲ ಅವನ ಹೆಸರ ತೊಗೊಳ್ಳಾವ್ರು ಯಾರ?"

"ಯವ್ವಾ, ಇಷ್ಟ ವರ್ಷ ಸುಮ್ನಿದ್ದಿ, ಹಂಗs ಇದ್ದಬಿಡು."

"ಸುಮ್ನಿದ್ದದ್ದಕ್ಕs ಹೊಟ್ಯಾಗ ಗಂಟ ಆಗೇತಿ!"

ಲಗಮಣ್ಣ ಅರ್ಧ ಉಂಡ ತಾಟನ್ನು ಮುಂದೆ ನೂಕಿ ಎದ್ದ. "ಕೇಳ್ರಿ ಎಲ್ಲಾರೂ. ಆ ಫೋಟೋ ಈ ಮನ್ಯಾಗ ಕಾಲಿಟ್ಟ ದಿನಾ ನಾ ತ್ವಾಟದಾಗ ಇರಾಂವ. ಅಂವ ಬೇಕೋ, ನಾ ಬೇಕೋ, ನೀವs ವಿಚಾರ ಮಾಡ್ರಿ."

ಅಂಗಳದಲ್ಲಿ ಅವನು ಬಾಯಿ ಮುಕ್ಕಳಿಸಿದ ಸಪ್ಪಳ ಕೇಳಿತು. ರುಕ್ಮವ್ವ ಅವನ ತಾಟಿನಲ್ಲಿ ಉಳಿದಿದ್ದ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿ, ನೀರಿನ ತಂಬಿಗೆ ತುಂಬಿಕೊಂಡು ಬರುತ್ತೇನೆಂದು ಹೊರಗೆ ಹೋದಳು. ತಂಬಿಗೆ ತುಂಬಿಯೇ ಇತ್ತು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಅತ್ತೆ ಸೊಸೆಯನ್ನು ಹಿಡಿದಳು.

"ನೀ ಏನಂತಿ ರುಕ್ಮವ್ವಾ?"

"ನಾ ಏನನ್ಲಿ ಅತ್ತಿ? ಹೂಂ ಅಂದ್ರ ಅವ್ರಿಗೆ ಸಿಟ್ಟು, ಊಹೂಂ ಅಂದ್ರ ನಿಮಗ ಸಿಟ್ಟು."

"ಸಿಟ್ಟಿನ ಮಾತ ಯಾರ ಕೇಳಿದ್ರು? ನಿನ್ನ ಮನಸಿನ್ಯಾಗ ಏನೈತಿ?"

"ಮನಸಿನ್ಯಾಗ ಈ ಒಲಿ ಐತ್ರಿ. ನಿಮ್ಮ ಮೊಮ್ಮಗ ಹಸೀ ಕಟಗಿ ತಂದ ಒಗದಾನ, ಹೊಗಿ ಹ್ವಾದ್ರ ಸಾಕಾಗೇತಿ."

ಕೆಂಚವ್ವನಿಗೆ ಕಣ್ಣು ಕಾಣದಿದ್ದರೂ ಸೊಸೆ ಮಾತು ತಪ್ಪಿಸಿದ್ದು ಕಂಡಿತು. ಅವಳೂ ಹೆಚ್ಚು ಕೆದಕಲಿಲ್ಲ. ಆ ವಾರ ಪೂರ್ತಿ ಮನೆಯಲ್ಲಿ ತಾಯಿ ಮಗನ ನಡುವೆ ಮಾತು ನಿಂತಿತ್ತು. ಚಹಾ ಬೇಕಾದರೆ ಲಗಮಣ್ಣ ಭೀಮಸಿಗೆ ಹೇಳುತ್ತಿದ್ದ, ಗುಳಿಗೆ ಬೇಕಾದರೆ ಕೆಂಚವ್ವ ರುಕ್ಮವ್ವನಿಗೆ ಹೇಳುತ್ತಿದ್ದಳು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಇಬ್ಬರೂ ಗೋಡೆಯ ಜೊತೆ ಮಾತಾಡುತ್ತಿದ್ದರು.

ಮುಂದಿನ ಸೋಮವಾರ ಕೆಂಚವ್ವ ತೊಳೆದ ಸೀರೆ ಉಟ್ಟು, ಮೊಮ್ಮಗನ ಹೆಗಲು ಹಿಡಿದುಕೊಂಡು ಮಂಗಸೂಳಿಯ ಬಸ್ಸು ಹತ್ತಿದಳು. ಲಗಮಣ್ಣ ತೋಟದಲ್ಲಿದ್ದ. ರುಕ್ಮವ್ವ ಒಬ್ಬಳೇ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಳು. ಒಂದೇ ಮೊರದ ಜೋಳವನ್ನು ಮೂರು ಸಲ ಹಸನು ಮಾಡಿದಳು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ತಿರುಗಿ ಬಂದರು. ಭೀಮಸಿಯ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಚೌಕಟ್ಟು ಇತ್ತು.

"ಹೊಟ್ಟಿನ ಖೋಲ್ಯಾಗ ಚೀಲದ ಹಿಂದ ಇಟ್ಟಿದ್ರವ್ವಾ," ಎಂದ ಅವನು. "ವಿರುಪಾಕ್ಷಪ್ಪ ಮುತ್ಯಾ ಹುಡುಕೂದರಾಗ ಸಾಕಾದ. ನಿಮ್ಮ ಸಾಮಾನಾ ನಿಮಗ ಮುಟ್ಟಿಸಿದ್ನಪಾ ಅಂತ ಕೈ ಜಾಡಿಸಿದ."

ದೇವರ ಖೋಲಿಯಲ್ಲಿ ಕೆಂಚವ್ವ ಕಂಬಳಿಯ ಮೇಲೆ ಕೂತು ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಾಜಿನ ಮೇಲೆ ಕೈ ಆಡಿಸಿದಳು, ಕಣ್ಣಿನ ಹತ್ತಿರ ತಂದಳು, ಬೆಳಕಿನ ಕಡೆ ಹೊರಳಿಸಿದಳು. ಆಮೇಲೆ ಸೊಸೆಯ ಕಡೆ ಚಾಚಿದಳು.

"ನನಗ ಬರೇ ಮಬ್ಬ ಕಾಣ್ತೈತಿ. ನೀ ನೋಡಿ ಹೇಳು."

"ನಾ ನೋಡಬಾರದಲ್ರಿ ಅತ್ತಿ."

"ಹಂಗ ಅಂದಾಕ್ಯಾರು ಒಬ್ರೂ ಈಗ ಭೂಮಿ ಮ್ಯಾಲಿಲ್ಲ. ನೋಡು."

ರುಕ್ಮವ್ವ ಸೆರಗಿನಿಂದ ಗಾಜು ಒರೆಸಿದಳು. ಅವಳ ನೆನಪಿನಲ್ಲಿ ಬಾಬಾಸಾಹೇಬ ದೊಡ್ಡ ಆಳು. ಎತ್ತರಕ್ಕಿದ್ದ, ಗಟ್ಟಿ ದನಿಯ, ಅವಳು ಮುಖ ಎತ್ತಿ ನೋಡಲು ಹೆದರುತ್ತಿದ್ದ ಗಂಡಸು. ಗಾಜಿನ ಹಿಂದೆ ನಿಂತದ್ದು ಒಬ್ಬ ಹುಡುಗ. ಮೀಸೆ ಈಗಷ್ಟೇ ಮೂಡಿತ್ತು. ಮಿಲಿಟರಿ ಕಟಿಂಗಿಗೆ ಕಿವಿ ಎರಡೂ ಹೊರಗೆ ಬಂದಿದ್ದವು. ಅಂಗಿಯ ಕಾಲರು ಕತ್ತಿಗೆ ಸಡಿಲಾಗಿತ್ತು. ಪಕ್ಕದಲ್ಲಿ ಟವೆಲು ಮಡಚುತ್ತ ನಿಂತ ಭೀಮಸಿಗಿಂತ ಒಂದು ವರ್ಷಕ್ಕೆ ದೊಡ್ಡವನು, ಅಷ್ಟೇ. ಅವಳಿಗೆ ಈಗ ನಲವತ್ಮೂರು. ಅವಳಿಗೆ ಮೊದಲು ಹೊಳೆದದ್ದು ಗಂಡನೆಂದಲ್ಲ. ಅಷ್ಟು ದೂರದ ಊರಿನಲ್ಲಿ ಈ ಹುಡುಗನಿಗೆ ಕಡೆಯ ದಿನ ಯಾರಾದರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೊಟ್ಟಿದ್ದರೋ ಇಲ್ಲವೋ ಎಂದು.

"ಹೆಂಗ ಅದಾನ?" ಎಂದಳು ಕೆಂಚವ್ವ.

"ಚೊಲೋ ಅದಾನ್ರಿ ಅತ್ತಿ," ಎಂದಳು ರುಕ್ಮವ್ವ. "ಭಾಳ ಸಣ್ಣಾಂವ ಅದಾನ."

ಗಂಡನನ್ನು 'ಅವರು' ಎನ್ನದೆ ಎಂದೂ ಮಾತಾಡದವಳು ಮಗನ ಬಗ್ಗೆ ಹೇಳಿದ ಹಾಗೆ ಹೇಳಿಬಿಟ್ಟಿದ್ದಳು. ಕಣ್ಣು ತುಂಬಿ ಬರುವ ಹೊತ್ತಿಗೆ, ತೋಟದಲ್ಲಿ ಔಷಧಿಯ ಪಂಪು ಹೊತ್ತುಕೊಂಡು ಬಿಸಿಲಲ್ಲಿ ನಿಂತಿರುವ ಲಗಮಣ್ಣ ಕಣ್ಣ ಮುಂದೆ ಬಂದ. ಅವಳು ಚೌಕಟ್ಟನ್ನು ಅತ್ತೆಗೆ ಕೊಟ್ಟು, ದನಕ್ಕೆ ನೀರು ಕುಡಿಸಲು ಎದ್ದಳು.

ಫೋಟೋ ಬಂದ ಸುದ್ದಿ ಅವಳಿಗಿಂತ ಮೊದಲು ತೋಟಕ್ಕೆ ಮುಟ್ಟಿತ್ತು. ಸಂಜೆ ಆಳುಮನುಷ್ಯ ಮಲಕಾರಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಗೌಡ್ರ ಹಾಸಿಗಿ ಕೊಡಬೇಕಂತ್ರಿ ಅಕ್ಕಾರ. ದ್ರಾಕ್ಷಿ ಛಾಟ್ನಿ ಮುಗಿಯೂತನಾ ತ್ವಾಟದಾಗ ಇರತಾರಂತ."

"ಛಾಟ್ನಿ ಇನ್ನಾ ಸುರೂನs ಆಗಿಲ್ಲಲ್ಲೋ."

"ನಾನೂ ಅದನ್ನs ಅಂದ್ನಿರಿ. ಹಾಸಿಗಿ ತಾ ಅಂದ್ರ ಹಾಸಿಗಿ ತಾ ಅಂದ್ರು."

ಹಾಸಿಗೆ ಹೋಯಿತು. ಮರುದಿನದಿಂದ ರುಕ್ಮವ್ವ ಎರಡು ಹೊತ್ತೂ ಬುತ್ತಿ ಕಟ್ಟಿಕೊಂಡು ತೋಟಕ್ಕೆ ನಡೆದಳು. ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟ್ನಿ ಸುರುವಾದ ಮೇಲೆ ಹನ್ನೆರಡು ಆಳು ತೋಟದಲ್ಲಿ. ಹೆಣ್ಣಾಳುಗಳು ಅವಳು ಬರುವುದನ್ನು ಕಂಡರೆ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿ ನಗುತ್ತಿದ್ದರು. ಸತ್ತ ಗಂಡ ಮನೆಯಲ್ಲಿ, ಇದ್ದ ಗಂಡ ಹೊಲದಲ್ಲಿ ಎಂದು ಊರಿಗೆ ಪುಕ್ಕಟೆ ತಮಾಷೆ. ಭೀಮಸಿ ಒಮ್ಮೆ ಅಪ್ಪನ ಎದುರು ನಿಂತು ಜೋರು ಮಾಡಿದ.

"ಊರೆಲ್ಲಾ ನಗಾಕತ್ತೈತಿ. ಮನಿಗೆ ನಡಿಯಪಾ ಇನ್ನ. ಸತ್ತಾಂವ ನಿನ್ನ ಅಣ್ಣ, ವೈರಿ ಏನಲ್ಲ."

"ನಿನಗ ಏನ ಗೊತ್ತೈತಲೇ? ಅಂವನ್ನ ನೋಡಿಯೇನ ನೀ?"

"ನೋಡಾಕ ಒಂದ ಫೋಟೋರ ಇಟ್ಟಿದ್ರೇನ ನೀವು?"

ಲಗಮಣ್ಣ ಕತ್ತರಿ ಎತ್ತಿಕೊಂಡು ಸಾಲಿನೊಳಗೆ ಹೋದ.

ಅದೇ ದಿನ ಸಂಜೆ ಶೆಡ್ಡಿನ ಮುಂದೆ ಬುತ್ತಿ ಬಿಚ್ಚಿ ಕೂತಾಗ ಅವನು ತಲೆ ಎತ್ತದೆ ಕೇಳಿದ:

"ಎಲ್ಲಿಟ್ಟೀರಿ?"

"ದೇವರ ಖೋಲ್ಯಾಗ್ರಿ. ಅತ್ತಿ ಹಾಸಿಗಿ ಬದಿ."

"ನೀ ನೋಡಿದ್ಯಾ?"

"ನೋಡಿದ್ನಿ."

ಅವನು ತುತ್ತು ಇಳಿಸಿ ನೀರು ಕುಡಿದ. "ಹೌದು, ನೋಡಬೇಕs. ಈ ಹೊಲದ ಮೊದಲಿನ ಎಕರೆ ಅವನ ಪಗಾರದಾಗ ತೊಗೊಂಡದ್ದು. ಬಾವಿ ಅವನ ರೊಕ್ಕದ್ದು. ಅವ್ವ ಅವನಾಕಿ, ನೀ ಅವನಾಕಿ. ಇಪ್ಪತ್ಮೂರ ವರ್ಷ ನಾ ಅವನ ಜಾಗಾ ಕಾಯ್ಕೊಂಡ ಕುಂತೀನಿ. ಈಗ ಧಣಿ ಮನಿಗೆ ಬಂದಾನ, ಕಾವಲದಾಂವ ಹೊರಗ."

"ಹಂಗ್ಯಾಕ ಅಂತೀರಿ?"

"ಸುಳ್ಳೇನ?"

ಸುಳ್ಳು ಎನ್ನಲು ರುಕ್ಮವ್ವನ ಹತ್ತಿರ ಮಾತಿದ್ದವು. ಇಪ್ಪತ್ಮೂರು ವರ್ಷದ ಬುತ್ತಿ ಇದ್ದವು, ಅವನ ಜ್ವರಕ್ಕೆ ಮಿರಜದಲ್ಲಿ ನೆಲದ ಮೇಲೆ ಮಲಗಿದ ಇಪ್ಪತ್ತು ದಿನ ಇದ್ದವು. ಆದರೆ ಯಾವುದನ್ನು ಮೊದಲು ಹೇಳಬೇಕೋ ತಿಳಿಯದೆ ಖಾಲಿ ಡಬ್ಬಿ ಕಟ್ಟಿಕೊಂಡು ಎದ್ದು ಬಂದಳು. ದಾರಿಯುದ್ದಕ್ಕೂ ಅವಳ ಜೀವ ಚುಚ್ಚುತ್ತಿತ್ತು. ಒಂದು ಎಲೆ ಹಾಕಿದರೆ ಸಂಸಾರ ಒಡೆಯುತ್ತದೆ, ಹಾಕದಿದ್ದರೆ ಆ ಫೋಟೋದ ಹುಡುಗ ಉಪವಾಸ ಹೋಗುತ್ತಾನೆ. ಯಾವುದು ಆದರೂ ಅವಳಿಗೇ ಕೇಡು.

ಅಮಾವಾಸ್ಯೆ ಎರಡು ದಿನ ಇದೆ ಎನ್ನುವಾಗ ಕೆಂಚವ್ವ ಒಲೆಯ ಮುಂದೆ ಕೂತು ಅಡಿಗೆ ಹೇಳತೊಡಗಿದಳು. ಎಡೆಯಲ್ಲಿ ಸತ್ತವರಿಗೆ ಸೇರುತ್ತಿದ್ದದ್ದನ್ನು ಮಾಡಿ ಇಡುವುದು ರೂಢಿ.

"ನಮ್ಮ ಮಾವಗ ಗೋದಿ ಹುಗ್ಗಿ. ಅತ್ತಿಗೆ ಕಡಬು. ನಿಮ್ಮ ಮಾವಗ ಝುಣಕದ ವಡಿ. ಕೂಸಿಗೆ ಹಾಲು. ಬಾಬೂಗ ಶೇಂಗಾ ಹೋಳಿಗಿ ಮಾಡು, ಶೇಂಗಾ ಹೋಳಿಗಿ ಅಂದ್ರ ಜೀವಾ ಬಿಡತಿದ್ದ. ಬದ್ನೀಕಾಯಿ ಎಣಗಾಯಿ ಮಾಡು. ಮಸರ ಮಾತ್ರ ಇಡಬ್ಯಾಡ. ಮಸರ ಕಂಡ್ರ ಮಾರಿ ತಿರುವ್ತಿದ್ದ."

ರುಕ್ಮವ್ವ ಸೌಟು ಕೆಳಗಿಟ್ಟಳು.

"ಅತ್ತಿ, ಅದೆಲ್ಲಾ ಇವರದಲ್ರಿ?"

"ಯಾರದು?"

"ಈಗ ತ್ವಾಟದಾಗ ಅದಾರಲ್ಲ, ಅವರದು. ಶೇಂಗಾ ಹೋಳಿಗಿ, ಎಣಗಾಯಿ, ಮಸರ ವಲ್ಲೆ ಅನ್ನೂದು."

ಮುದುಕಿ ಬೆರಳು ಮಡಚಿ ಏನೋ ನೆನಪು ಮಾಡಿಕೊಂಡಳು, ಮತ್ತೆ ಬಿಚ್ಚಿದಳು.

"ಹಂಗಾದ್ರ ಬಾಬೂ ಏನ ಉಣ್ತಿದ್ದ?"

ಸೊಸೆ ಕಟ್ಟಿಗೆಯನ್ನು ಒಲೆಯೊಳಗೆ ನೂಕಿದಳು.

"ಏನ ಉಣ್ತಿದ್ದ ರುಕ್ಮವ್ವಾ? ಕಣ್ಣ ಹ್ವಾದೂ, ಫೋಟೋ ಕಾಣೂದಿಲ್ಲ, ಇರ್ಲಿ. ನನ್ನ ಹೊಟ್ಯಾಗ ಹುಟ್ಟಿದಾಂವ ಏನ ಉಣ್ತಿದ್ದ ಅನ್ನೂದೂ ನನಗ ನೆನಪಿಲ್ಲ. ಎರಡೂ ಮಕ್ಕಳನ್ನ ಕಲಸಿಬಿಟ್ಟೀನಲ್ಲs ಯವ್ವಾ ನಾನು!"

ಕೆಂಚವ್ವ ಒಲೆಯ ಮುಂದೆಯೇ ದನಿ ತೆಗೆದು ಅತ್ತಳು. ತಾಯಿಗೆ ಯಾರೂ ಕಾಯ್ದೆ ಮಾಡಿರಲಿಲ್ಲ, ಅಳಬಹುದಿತ್ತು. ರುಕ್ಮವ್ವನಿಗೆ ಅವನು ಏನು ಉಣ್ಣುತ್ತಿದ್ದ ಎನ್ನುವುದು ಗೊತ್ತಿತ್ತು. ಅದನ್ನು ಬಾಯಿಬಿಟ್ಟರೆ ನಲವತ್ತು ದಿನವೂ ಬಾಯಿಗೆ ಬಂದಾವು ಎಂದು ಹೆದರಿ, ಬುತ್ತಿ ಕಟ್ಟಿಕೊಂಡು ತೋಟದ ದಾರಿ ಹಿಡಿದಳು.

ಆಳುಗಳು ಮನೆಗೆ ಹೋಗಿದ್ದರು. ಲಗಮಣ್ಣ ಕತ್ತರಿಸಿದ ಕಡ್ಡಿಗಳಿಗೆ ಔಷಧಿ ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದ. ರುಕ್ಮವ್ವ ನಡೆದದ್ದನ್ನೆಲ್ಲ ಹೇಳಿದಳು. ಶೇಂಗಾ ಹೋಳಿಗೆಯ ಮಾತಿಗೆ ಅವನು ನಕ್ಕುಬಿಡುವವನ ಹಾಗೆ ಕಂಡ, ನಗಲಿಲ್ಲ.

"ನಿನಗ ನೆನಪ ಐತೇನ, ಅಂವ ಏನ ಉಣ್ತಿದ್ದ ಅಂತ?"

ಇಲ್ಲ ಎಂದಿದ್ದರೆ ಆ ದಿನದ ಮಟ್ಟಿಗೆ ಎಲ್ಲ ಸುಸೂತ್ರ ಆಗುತ್ತಿತ್ತು. ಅವಳಿಗೆ ಸುಳ್ಳು ಹೇಳಿ ಸಾಕಾಗಿತ್ತು.

"ಐತ್ರಿ."

"ಏನ?"

"ತಂಗಳ ರೊಟ್ಟಿ. ಮ್ಯಾಲ ಕೆನಿಮಸರ, ಕೆಂಪ ಖಾರದ ರಂಜಕ. ಬಿಸೀ ರೊಟ್ಟಿ ಬಡದ ಹಾಕಿದ್ರ ನೀ ಉಣ್ಣು, ನನಗ ನಿನ್ನೀದು ಕೊಡು ಅಂತಿದ್ರು. ಪಲ್ಟನ್ದಾಗ ಎಲ್ಲಾ ಸಿಗತೈತಿ, ತಂಗಳ ರೊಟ್ಟಿ ಒಂದ ಸಿಗೂದಿಲ್ಲಂತ."

ಲಗಮಣ್ಣ ಬಾವಿಯ ಕಟ್ಟೆಯ ಮೇಲೆ ಕೂತ. ಅವನ ಮುಖ ಸಡಿಲಾಯಿತು.

"ಸಾಲಿಗೆ ಹೋಗೂ ಮುಂದ ಇಬ್ರಿಗೂ ಒಂದs ಗಂಗಾಳ," ಎಂದ. "ಮ್ಯಾಲಿನ ಕೆನಿ ಎಲ್ಲಾ ಅಂವ ಬಳಕೊಂಡು ನನಗ ನೀರ ಮಸರ ಬಿಡತಿದ್ದ ಮಗಾ. ಅದಕ್ಕs ನಾ ಹಟಾ ಹಿಡದ ಮಸರ ಬಿಟ್ಟದ್ದು. ಇಂದಿಗೂ ಮುಟ್ಟಿಲ್ಲ ನೋಡು." ಆಮೇಲೆ ಕೇಳಿದ: "ಇನ್ನಾ ಎಷ್ಟ ನೆನಪದಾವ ನಿನಗ?"

"ನಲವತ್ತ ದಿನದ್ದು."

"ನನಗ ಹತ್ತೊಂಬತ್ತ ವರ್ಷದ್ದ ಐತಿ."

ರುಕ್ಮವ್ವ ಅವನ ಮುಖ ನೋಡಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು, ತನ್ನ ಹಾಗೆ ಈ ಮನುಷ್ಯನೂ ಯಾರನ್ನೋ ಕಳೆದುಕೊಂಡಿದ್ದಾನೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ತಾರ ಬಂದಾಗ ಅಳಾಕ ಹ್ವಾದ್ನಿ, ಅವ್ವ ತಲಿ ಬಡಕೊಳ್ಳಾಕತ್ತಿದ್ಲು, ಅಕೀನ್ನ ಹಿಡೀಬೇಕಾತು," ಎಂದ ಲಗಮಣ್ಣ. "ಆಮ್ಯಾಲ ಅಳೂಣಂದ್ರ ನಿನ್ನ ನನಗ ಕಟ್ಟಿದ್ರು. ಅಣ್ಣನ ಹೇಣ್ತೀನ್ನ ಮಾಡ್ಕೊಂಡಾಂವ ಅಣ್ಣಗ ಅತ್ರ ಮಂದಿ ನಗೂದಿಲ್ಲೇನ? ಜ್ವರದಾಗ ಮಿರಜಿ ದವಾಖಾನ್ಯಾಗ ನಾ ಅಣ್ಣಾ ಅಣ್ಣಾ ಅಂತ ಚೀರತಿದ್ನೆಂತ. ಅಂವ ಕರ್ಯಾಕ ಬಂದಾನ ಅಂದ್ರು ಎಲ್ಲಾರೂ. ಅಂವ ಎಲ್ಲಿ ಬಂದಿದ್ದ? ಕರದಾಂವ ನಾನು."

ಕತ್ತಲಾಗುವ ಹೊತ್ತಿಗೆ ಅವಳು ಡಬ್ಬಿ ಕಟ್ಟಿಕೊಂಡು ಎದ್ದಳು.

"ಅಮಾಸಿಗೆ ಮನಿಗೆ ಬರ್ರಿ."

"ತಂಗಳ ರೊಟ್ಟಿಗೆ ಅವ್ವ ಒಪ್ಪೂದಿಲ್ಲ ಬಿಡು," ಎಂದ.

ಅವನು ಹೇಳಿದ ಹಾಗೆಯೇ ಆಯಿತು. ರುಕ್ಮವ್ವ ಮನೆಗೆ ಬಂದು ಹೇಳಿದಾಗ ಕೆಂಚವ್ವನ ಮುಖ ಒಮ್ಮೆ ಅರಳಿತು. "ಹೌದು ಹೌದು, ತಂಗಳ ರೊಟ್ಟಿ!" ಎಂದು ತೊಡೆ ಬಡಿದುಕೊಂಡಳು. ಮರುಕ್ಷಣ ಹುಬ್ಬು ಗಂಟಾಯಿತು. "ಆದ್ರ ಹಿರ್ಯಾರಿಗೆ ಯಾರರ ತಂಗಳ ಎಡಿ ಹಾಕ್ತಾರೇನ? ಮಡೀಲೆ ಮಾಡಿದ್ದs ಆಗಬೇಕು. ಬಿಸೀ ರೊಟ್ಟಿ ಮಾಡು, ಆರಿಸಿ ಇಡು. ಇಷ್ಟ ವರ್ಷಕ್ಕ ಕರದು ಮಗಗ ತಂಗಳ ಹಾಕಿದ್ನಿ ಅನ್ನಿಸ್ಕೋಬ್ಯಾಡ ನನ್ನ."

ಅಮಾವಾಸ್ಯೆಯ ದಿನ ರುಕ್ಮವ್ವ ಬೆಳಗಿನಲ್ಲೇ ಮಿಂದು ಒಲೆ ಹಚ್ಚಿದಳು. ಹುಗ್ಗಿ ಆಯಿತು, ಕಡಬು ಆಯಿತು, ವಡಿ ಆಯಿತು. ಹನ್ನೆರಡರ ಹೊತ್ತಿಗೆ ದೇವರ ಖೋಲಿಯ ನೆಲ ಸಾರಿಸಿ, ಗೋಡೆಗೆ ಫೋಟೋ ಆನಿಸಿ, ಐದು ಪತ್ರಾವಳಿ ಹಾಸಿದರು. ಎಡೆಯ ಮುಂದೆ ಕೂತು ಹಿರಿಯರನ್ನು ಕರೆಯಬೇಕಾದವನು ಮನೆಯ ಗಂಡಸು. ಅವನ ಸುಳಿವು ಇರಲಿಲ್ಲ. ಕೆಂಚವ್ವ ನಾಲ್ಕು ಸಲ ಬಾಗಿಲ ಕಡೆ ಕಿವಿ ಕೊಟ್ಟಳು.

"ಬರೂದಿಲ್ಲ ಅಂವ. ಭೀಮ್ಯಾ, ನೀನs ಕೂಡ."

"ನನಗ ಹೆಂಗ ಕರೀಬೇಕು ಗೊತ್ತಿಲ್ಲಲ್ಲ ಆಯಿ."

"ಹೆಸರ ಹಿಡದ ಕರಿ. ಉಣ್ಣಾಕ ಕರ್ಯಾಕ ಸಾಲಿ ಕಲಿಬೇಕೇನ?"

ಭೀಮಸಿ ಧೋತರದ ಗಂಟು ಹಿಡಿದುಕೊಂಡು ಕೂರುವುದಕ್ಕೂ ಅಂಗಳದಲ್ಲಿ ಚಪ್ಪಲಿಯ ಸಪ್ಪಳ ಕೇಳುವುದಕ್ಕೂ ಸರಿಹೋಯಿತು. ಲಗಮಣ್ಣ ಬಾವಿಯಲ್ಲಿ ಮಿಂದು ಬಂದಿದ್ದ, ತಲೆಯಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ಬುತ್ತಿಯ ಬಟ್ಟೆ ಇತ್ತು. ಒಳಗೆ ಬಂದು ಮಗನ ಹೆಗಲ ಮೇಲೆ ಕೈ ಇಟ್ಟ. ಭೀಮಸಿ ಎದ್ದು ಜಾಗ ಬಿಟ್ಟ.

ಮೊದಲ ನಾಲ್ಕು ಎಲೆಗೆ ಲಗಮಣ್ಣ ವರ್ಷ ವರ್ಷ ಮಾಡುವ ಹಾಗೆ ಮಾಡಿದ. ನೀರು ಬಿಟ್ಟ, ಉಣ್ಣಲು ಕರೆದ, ಕೈ ಮುಗಿದ. ಐದನೆಯದಕ್ಕೆ ಬಂದಾಗ ಬುತ್ತಿಯ ಬಟ್ಟೆ ಬಿಚ್ಚಿದ. ಅದರಲ್ಲಿ ನಿನ್ನೆ ಸಂಜೆ ರುಕ್ಮವ್ವ ತೋಟಕ್ಕೆ ಒಯ್ದಿದ್ದ ರೊಟ್ಟಿ ಇತ್ತು. ಅಂಚು ಸೆಟೆದು ನಿಂತಿತ್ತು. ಅದನ್ನು ಎಲೆಯ ಮೇಲೆ ಇಟ್ಟು, ಹಿಂದೆ ತಿರುಗದೆ, "ಮಸರ ತಾ" ಎಂದ. ರುಕ್ಮವ್ವ ಮೊಸರಿನ ಗಡಿಗೆಯನ್ನೇ ತಂದು ಇಟ್ಟಳು. ಸಣ್ಣಂದಿನಿಂದ ಮೊಸರು ಮುಟ್ಟದವನು ಮೇಲಿನ ಕೆನೆಯನ್ನು ಕೈಯಿಂದಲೇ ತೆಗೆದು ರೊಟ್ಟಿಗೆ ಬಳಿದ. ಗಡಿಗೆಯಲ್ಲಿ ನೀರುಮೊಸರು ಉಳಿಯಿತು.

"ಏನ ಹಾಕಿದ್ಯೋ ಲಗಮಾ?" ಎಂದಳು ಕೆಂಚವ್ವ.

"ರೊಟ್ಟಿ, ಯವ್ವಾ."

"ಇವತ್ತಿಂದ ಹೌದಲ್ಲ?"

ಲಗಮಣ್ಣ ಹೆಂಡತಿಯ ಮುಖ ನೋಡಿದ.

"ಹೌದ ಯವ್ವಾ. ಇವತ್ತಿಂದs."

ಆಮೇಲೆ ಅವನು ಫೋಟೋದ ಕಡೆ ತಿರುಗಿದ. ಅವನ ನಲವತ್ನಾಲ್ಕರ ಮುಖದ ಎದುರು ಅಣ್ಣನ ಇಪ್ಪತ್ಮೂರರ ಮುಖ ನಿಂತಿತ್ತು.

"ಅಣ್ಣಾ," ಎಂದ. "ಕೆನಿ ಎಲ್ಲಾ ನಿನಗs ಹಾಕೀನಿ. ನಮ್ಮಿಂದ ತಡಾ ಆತು. ಬಾ, ಕುಂತ ಉಣ್ಣು."

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ಬದುಕಿದವರ ಎದುರು ಉಣ್ಣುವುದಿಲ್ಲ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಮೂರು ಸಲ ಕದ ಬಡಿದು ಒಳಗೆ ಹೋಗುತ್ತಾರೆ. ಲಗಮಣ್ಣ ಕದ ಎಳೆದುಕೊಂಡ. ರುಕ್ಮವ್ವನ ಹೊರತು ಎಲ್ಲರೂ ಪಡಸಾಲೆಯಲ್ಲಿ ಕೂತರು. ಓಣಿಯ ಬೇರೆ ಮನೆಗಳಲ್ಲಿ ಕದ ಬಡಿಯುವ ಸಪ್ಪಳ ಆಗಲೇ ಸುರುವಾಗಿತ್ತು. ಮಕ್ಕಳು ಹೋಳಿಗೆಗೆ ಗದ್ದಲ ಹಾಕುವುದು ಕೇಳುತ್ತಿತ್ತು.

ರುಕ್ಮವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಮೊದಲು ಸೆರಗು ಬಾಯಿಗೆ ಹಿಡಿದಳು. ತಡೆಯಲು ನೋಡಿದಳು. ಎಂದಿನಂತೆ ಹಿತ್ತಲಿಗೆ ಹೋಗಲು ಒಂದು ಕೆಲಸ ಹುಡುಕಿದಳು, ಅಂದು ಒಂದೂ ನೆನಪಾಗಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತಳು. ಎದೆಯೊಳಗಿಂದ ದನಿ ಕಿತ್ತು ಬಂತು. ಹದಿನೆಂಟರ ಹುಡುಗಿ ಹೇಗೆ ಅಳಬೇಕಿತ್ತೋ ಹಾಗೆ, ನೆಲಕ್ಕೆ ಅಂಗೈ ಊರಿ, ಊರು ಕೇಳುವ ಹಾಗೆ ಅತ್ತಳು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಒಳಗೆ ಇಣುಕಿ ನೋಡಿದರು.

ಭೀಮಸಿ ಗಾಬರಿಯಾಗಿ ಎದ್ದ. "ಅಪ್ಪಾ, ಭಾಳ ಹೊತ್ತಾತು. ಕದಾ ಬಡೀಲೇನ?"

"ಬ್ಯಾಡ. ಕೂಡ."

ಲಗಮಣ್ಣ ಹೋಗಿ ಅವಳಿಂದ ಎರಡು ಮೊಳ ಈಚೆ, ದೇವರ ಖೋಲಿಯ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತ. ಒಳಗೆ ಹುಗ್ಗಿ ಆರುತ್ತಿತ್ತು. ಕೆಂಚವ್ವ ಕಾಣದ ಕಣ್ಣನ್ನು ಆ ಕಡೆ ಈ ಕಡೆ ಹೊರಳಿಸಿದಳು.

"ಯಾರ ಅದು, ಇಷ್ಟ ಅಳಾಕತ್ತಾಕಿ?"

"ಅಣ್ಣನ ಹೇಣ್ತಿ, ಯವ್ವಾ," ಎಂದ ಲಗಮಣ್ಣ. "ಅಳ್ಲಿ ಬಿಡು."